ಪ್ಲೇಟು ಹಳೆಯದಾದರೇನು, ಮುಳ್ಳು ಹೊಸದಿರಲಿ

ಹೋದ ಸಂಚಿಕೆಯಲ್ಲಿ ಸಂಡಿಗೆಯ ವಿಚಾರ ಬರೆದಿದ್ದೆ. ಮಾಡಿ ನೋಡಿದವರು ಚೆನ್ನಾಗಿ ಬಂತು ಅಂತ ಕಾಗದ ಬರೆದಿದ್ದೀರಿ, ಸಂತೋಷ. ಈ ಸಲ ಅಡಿಗೆಮನೆ ಬಿಟ್ಟು ಅಟ್ಟ ಹತ್ತೋಣ. ನಿಮ್ಮಲ್ಲಿ ಎಷ್ಟೋ ಜನರ ಮನೆಯ ಅಟ್ಟದಲ್ಲಿ ಹಳೆಯ ಗ್ರಾಮಾಫೋನ್ ಪ್ಲೇಟುಗಳು ಇದ್ದೇ ಇರುತ್ತವೆ. ರಜಕ್ಕೆ ಬಂದ ಮಕ್ಕಳು "ಅಮ್ಮಾ, ಇವನ್ನೆಲ್ಲ ಕಂಪ್ಯೂಟರಿಗೆ ಇಳಿಸಿಬಿಡೋಣ" ಅನ್ನುತ್ತಾರೆ. ಇಳಿಸಲಿ, ಬೇಡ ಅನ್ನಬೇಡಿ. ಆದರೆ ಇಳಿಸುವ ಮುಂಚೆ ಒಂದು ಮಾತು ಕೇಳಿ. ನಾನು ಮಾಡಿದ ತಪ್ಪನ್ನು ನೀವು ಮಾಡಬಾರದು ಅಂತಲೇ ಈ ಸಲದ ಬರಹ.

ನಮ್ಮದು ಶಿರಾ ತಾಲ್ಲೂಕಿನ ಮದಲೂರು. ನಮ್ಮ ಮಾವನವರು ಪ್ರೈಮರಿ ಸ್ಕೂಲಿನ ಮೇಷ್ಟ್ರು. 1975ರಲ್ಲಿ ನಮ್ಮ ಹೊಲದಲ್ಲಿ ಕಡಲೆಕಾಯಿ ಚೆನ್ನಾಗಿ ಆಗಿತ್ತಂತೆ. ಆ ದುಡ್ಡಿನಲ್ಲಿ ಅತ್ತೆಗೆ ಒಂದು ಜೊತೆ ಓಲೆ ಮಾಡಿಸುತ್ತೇನೆ ಅಂತ ತುಮಕೂರಿಗೆ ಹೋದವರು, ಸೂಟ್‌ಕೇಸಿನ ಹಾಗೆ ಮುಚ್ಚುವ ರೆಕಾರ್ಡ್ ಪ್ಲೇಯರನ್ನು ತೊಡೆ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಬಂದರಂತೆ. "ಓಲೆ ಕಿವಿ ಮೇಲಿರ್ತದೆ, ಇದು ಕಿವಿ ಒಳಕ್ಕೆ ಹೋಗ್ತದೆ ಕಣೇ" ಅಂದರಂತೆ. ಅತ್ತೆ ಒಂದು ವಾರ ಮಾತಾಡಿಸಲಿಲ್ಲ. ಎಂಟನೇ ದಿವಸ ತಾವೇ "ಆ ಪ್ಲೇಟು ಇನ್ನೊಂದ್ ಸಲ ಹಾಕ್ರಿ" ಅಂದರಂತೆ. ಈ ಕಥೆಯನ್ನು ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಕೇಳುತ್ತಾ ಇದ್ದೇನೆ.

ಅತ್ತೆ ಕೇಳಿದ ಆ ಪ್ಲೇಟು 'ಭಕ್ತ ಕುಂಬಾರ'ದ್ದು. 1974ರ ಸಿನಿಮಾ, ಜಿ. ಕೆ. ವೆಂಕಟೇಶ್ ಅವರ ಸಂಗೀತ, ಪಿ. ಬಿ. ಶ್ರೀನಿವಾಸ್ ಅವರ ಕಂಠ. ಅದರ ಜೊತೆಗೆ 'ಬಂಗಾರದ ಮನುಷ್ಯ', 'ನಾಗರಹಾವು', 'ಎರಡು ಕನಸು', ಎಂ. ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ ಸುಪ್ರಭಾತದ ದೊಡ್ಡ ಪ್ಲೇಟು, ಪಿ. ಕಾಳಿಂಗರಾಯರ ಭಾವಗೀತೆ, ಹೀಗೆ ನಲವತ್ತರ ಮೇಲೆ ಇವೆ. ತಳದಲ್ಲಿ ಮಾವನವರ ತಂದೆಯ ಕಾಲದ ಕಪ್ಪು ದಪ್ಪ ಪ್ಲೇಟುಗಳು, ಕಂಪನಿ ನಾಟಕದ ಹಾಡುಗಳು, ಒಟ್ಟು ಒಂಬತ್ತು. ನಮ್ಮ ಜಿಲ್ಲೆಯವರಿಗೆ ಕಂಪನಿ ನಾಟಕ ಅಂದರೆ ಹೇಳಬೇಕೇ? ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘ 1884ರಲ್ಲಿ ಇಲ್ಲೇ ಹುಟ್ಟಿದ್ದು. ಗುಬ್ಬಿ ವೀರಣ್ಣನವರು 1972ರಲ್ಲಿ ತೀರಿಕೊಂಡಾಗ ಮನೆಯವರೇ ಹೋದಷ್ಟು ದುಃಖಪಟ್ಟರು ಅಂತ ಅತ್ತೆ ಈಗಲೂ ಹೇಳುತ್ತಾರೆ.

ಈಗ ನನ್ನ ತಪ್ಪಿನ ವಿಚಾರ. ಮಾವನವರು ಹೋದ ಮೇಲೆ ಪ್ಲೇಯರ್ ಅಟ್ಟ ಸೇರಿತ್ತು. 2020ರ ಕೊನೆಯಲ್ಲಿ ನಮ್ಮ ಮದಲೂರು ಕೆರೆಗೆ ಹೇಮಾವತಿ ನೀರು ಬಂತು. ನೀರು ನೋಡೋಕೆ ಅಂತ ನೆಂಟರಿಷ್ಟರು ಬಂದರು, ಮನೆಯಲ್ಲಿ ಹಬ್ಬದ ಹಾಗಾಯಿತು. ಆ ಗದ್ದಲದಲ್ಲಿ ಯಾರೋ ಪ್ಲೇಯರನ್ನು ಕೆಳಗಿಳಿಸಿದರು. ಮುಳ್ಳು ಮುರಿದಿತ್ತು. ಪೇಟೆಯ ಒಂದು ಅಂಗಡಿಯಲ್ಲಿ "ಇದು ಎಲ್ಲಾದಕ್ಕೂ ಆಗ್ತದೆ ಅಕ್ಕ" ಅಂತ ಹಳೆಯ ಡಬ್ಬಿಯಿಂದ ಒಂದು ಮುಳ್ಳು ತೆಗೆದುಕೊಟ್ಟರು. ಅದು ಬಳಸಿ ಬಿಟ್ಟಿದ್ದೋ, ಹೊಸದೋ ಅಂತ ನಾನು ಕೇಳಲಿಲ್ಲ. ಕೇಳುವಷ್ಟು ತಿಳಿವಳಿಕೆಯೂ ಇರಲಿಲ್ಲ. ಬಂದವರೆಲ್ಲ 'ಭಕ್ತ ಕುಂಬಾರ' ಹಾಕು ಅಂದರು. ಎರಡು ದಿವಸದಲ್ಲಿ ಏಳೆಂಟು ಸಲ ಹಾಕಿದೆ. ಮೂರನೇ ದಿವಸ ಹಾಡಿನ ಹಿಂದೆ ಒಗ್ಗರಣೆ ಸಿಡಿದ ಹಾಗೆ ಚಟಪಟ ಶುರುವಾಯಿತು. ಮೇಲಿನ ಸ್ವರ ಬಂದಾಗ ಗಾಯಕರಿಗೆ ಗಂಟಲು ಕಟ್ಟಿದ ಹಾಗೆ ಕೇಳಿಸಿತು. ಬೆಳಕಿಗೆ ಹಿಡಿದು ನೋಡಿದರೆ, ಕರ್ರಗೆ ಮಿನುಗುತ್ತಿದ್ದ ಪ್ಲೇಟು ಬೂದಿ ಸವರಿದ ಹಾಗೆ ಮಂಕಾಗಿತ್ತು.

ಅತ್ತೆ ಏನೂ ಅನ್ನಲಿಲ್ಲ. "ಹೋಗ್ಲಿ ಬಿಡಮ್ಮ, ನಂಗೂ ಕಿವಿ ಸರಿಯಾಗಿ ಕೇಳಲ್ಲ" ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಆಮೇಲೆ ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ಮಗ ಬಂದಾಗ, ಇಬ್ಬರೂ ಕೂತು ಈ ವಿದ್ಯೆಯನ್ನು ಮೊದಲಿನಿಂದ ಕಲಿತೆವು. ನಾನು ಓದಿರುವುದು ಎಸ್ಸೆಸ್ಸೆಲ್ಸಿ. ನನಗೆ ಅರ್ಥವಾದದ್ದು ನಿಮಗೂ ಆಗೇ ಆಗುತ್ತದೆ.

ಪ್ಲೇಟಿನ ಮೇಲೆ ಕಾಣುವ ಗೆರೆ ಇದೆಯಲ್ಲ, ಅದು ಹೊರಗಿನ ಅಂಚಿನಿಂದ ಒಳಗಿನವರೆಗೆ ಸುತ್ತಿಕೊಂಡು ಹೋಗುವ ಒಂದೇ ನೇಗಿಲ ಸಾಲು. ದೊಡ್ಡ ಪ್ಲೇಟಿನ ಒಂದು ಮಗ್ಗುಲಿನ ಗೆರೆಯನ್ನು ಬಿಡಿಸಿ ನೇರ ಮಾಡಿದರೆ ಸುಮಾರು ಅರ್ಧ ಕಿಲೋಮೀಟರ್ ಆಗುತ್ತದೆ. ಆ ಸಾಲಿನ ಎರಡು ಬದುಗಳಲ್ಲಿ ಇರುವ ಅಂಕುಡೊಂಕೇ ಹಾಡು. ಮುಳ್ಳು ಆ ಅಂಕುಡೊಂಕಿನಲ್ಲಿ ಅಲುಗಾಡುತ್ತಾ ಸಾಗುತ್ತದೆ. ಮುಳ್ಳಿನ ಹಿಂದಿರುವ ಪುಟ್ಟ ಪೆಟ್ಟಿಗೆ ಆ ಅಲುಗಾಟವನ್ನು ವಿದ್ಯುತ್ತಾಗಿ ಮಾಡುತ್ತದೆ. ಆ ಪೆಟ್ಟಿಗೆಗೇ ಕಾರ್ಟ್ರಿಜ್ ಅನ್ನುವುದು. ಸ್ಪೀಕರ್, ಕಂಪ್ಯೂಟರ್, ತಂತಿ ಎಲ್ಲ ಆಮೇಲಿನ ಮಾತು. ಪ್ಲೇಟನ್ನು ಮುಟ್ಟುವುದು ಮುಳ್ಳೊಂದೇ. ಕೆಟ್ಟರೆ ಕೆಡುವುದು ಅಲ್ಲೇ, ಉಳಿದರೆ ಉಳಿಯುವುದೂ ಅಲ್ಲೇ. ಆದ್ದರಿಂದ ಕೈಯಲ್ಲಿರುವ ದುಡ್ಡಿನಲ್ಲಿ ಮೊದಲ ಪಾಲು ಮುಳ್ಳಿಗೆ ಮತ್ತು ಕಾರ್ಟ್ರಿಜ್‌ಗೆ ಹೋಗಲಿ.

ಕಾರ್ಟ್ರಿಜ್ ಕೊಳ್ಳುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ.

ಮೊದಲನೆಯದು, ನಿಮ್ಮ ಪ್ಲೇಟು ಯಾವುದು?

ಹೊಲಿಗೆ ಮಿಷನ್ ಇರುವವರಿಗೆ ಇದು ಬೇಗ ತಿಳಿಯುತ್ತದೆ. ರೇಷ್ಮೆ ಬಟ್ಟೆಗೆ 11ನೇ ನಂಬರಿನ ಸೂಜಿ, ಜೀನ್ಸ್ ಬಟ್ಟೆಗೆ 16ನೇ ನಂಬರು. ಅದಕ್ಕಿದು, ಇದಕ್ಕದು ಹಾಕಿದರೆ ಒಂದೋ ಸೂಜಿ ಮುರಿಯುತ್ತದೆ, ಇಲ್ಲ ಬಟ್ಟೆ ತೂತಾಗುತ್ತದೆ. ಪ್ಲೇಟಿನದೂ ಇದೇ ಲೆಕ್ಕ.

ಹಳೆಯ ಕಪ್ಪು ದಪ್ಪ ಪ್ಲೇಟುಗಳು ನಿಮಿಷಕ್ಕೆ 78 ಸುತ್ತು ತಿರುಗುವಂಥವು. ಅವನ್ನು ಮಾಡಿರುವುದು ಅರಗಿನಿಂದ, ನಮ್ಮ ಅಜ್ಜಿಯರು ತೊಡುತ್ತಿದ್ದ ಅರಗಿನ ಬಳೆಯ ಅದೇ ಅರಗು. ಕೈಜಾರಿದರೆ ಮಡಕೆಯಂತೆ ಒಡೆಯುತ್ತವೆ. ನಮ್ಮ ದೇಶದಲ್ಲಿ 1902ರಲ್ಲೇ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಧ್ವನಿಮುದ್ರಣ ಆಯಿತು. ಅಲ್ಲಿಂದ ಸುಮಾರು ಅರವತ್ತು ವರ್ಷ ನಮ್ಮಲ್ಲಿ ಈ ಅರಗಿನ ಪ್ಲೇಟಿನದೇ ರಾಜ್ಯಭಾರ. ಇವುಗಳ ಗೆರೆ ಅಗಲ. ಇವಕ್ಕೆ ಬೇಕಾದ ಮುಳ್ಳಿನ ತುದಿಯ ದುಂಡು ಒಂದು ಇಂಚಿನ ಸಾವಿರ ಪಾಲಿನಲ್ಲಿ 3 ಪಾಲು. ಇದನ್ನು ಅಂಗಡಿಯಲ್ಲಿ "3 ಮಿಲ್" ಅನ್ನುತ್ತಾರೆ.

ದೊಡ್ಡ ಎಲ್.ಪಿ. ಪ್ಲೇಟು ಅಮೆರಿಕದಲ್ಲಿ 1948ರಲ್ಲಿ ಬಂತು. ಅದು ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಸಿನಿಮಾ ಹಾಡಿನ ಚಿಕ್ಕ ಪ್ಲೇಟು 45 ಸುತ್ತು. ಇವು ಬಾಗುವ ಪ್ಲಾಸ್ಟಿಕ್ಕಿನವು, ವಿನೈಲ್ ಅನ್ನುತ್ತಾರೆ. ಇವುಗಳ ಗೆರೆ ಬಹಳ ಸಣ್ಣದು, ಮುಳ್ಳಿನ ತುದಿ ಸುಮಾರು 0.6 ಅಥವಾ 0.7 ಮಿಲ್ ಇರಬೇಕು. ಅಂದರೆ ಅರಗಿನ ಪ್ಲೇಟಿನ ಮುಳ್ಳು ಇದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ದಪ್ಪ. ಅದನ್ನು ಎಲ್.ಪಿ. ಮೇಲೆ ಇಟ್ಟರೆ ಗೆರೆಯ ಬದುವನ್ನು ಉತ್ತು ಹಾಕುತ್ತದೆ. ಎಲ್.ಪಿ. ಮುಳ್ಳನ್ನು 78ರ ಮೇಲೆ ಇಟ್ಟರೆ ಗೆರೆಯ ತಳಕ್ಕೆ ಬಿದ್ದು ಧೂಳಿನಲ್ಲಿ ಓಡಾಡುತ್ತದೆ, ಹಾಡಿಗಿಂತ ಚರಚರ ಶಬ್ದವೇ ಹೆಚ್ಚು ಕೇಳುತ್ತದೆ. "ಎಲ್ಲಾದಕ್ಕೂ ಆಗ್ತದೆ" ಅನ್ನುವ ಮುಳ್ಳು ಇಲ್ಲ ಸೋದರಿಯರೇ, ಯಾರಾದರೂ ಹಾಗಂದರೆ ನಮಸ್ಕಾರ ಹೇಳಿ ಬಂದುಬಿಡಿ.

ಇನ್ನು ಮುಳ್ಳಿನ ಆಕಾರ. ಗುಂಡು ತುದಿ ಒಂದು ಬಗೆ, ಮೊಟ್ಟೆಯಾಕಾರದ ತುದಿ ಇನ್ನೊಂದು ಬಗೆ. ಗುಂಡು ತುದಿಯದು ಅಗ್ಗ, ಜೋಡಣೆ ಸ್ವಲ್ಪ ಹೆಚ್ಚುಕಮ್ಮಿಯಾದರೂ ಸಹಿಸಿಕೊಳ್ಳುತ್ತದೆ. ಮೊಟ್ಟೆಯಾಕಾರದ್ದು ಸಣ್ಣ ಅಂಕುಡೊಂಕನ್ನೂ ಓದುತ್ತದೆ. ಪ್ಲೇಟಿನ ಒಳಸುತ್ತಿಗೆ ಬಂದಾಗ ಹಾಡು ಒಡೆಯುವುದು ಇದರಲ್ಲಿ ಕಮ್ಮಿ. ಒಂದೇ ಸಲ ಇಳಿಸಿ ಶಾಶ್ವತವಾಗಿ ಇಡುವವರಿಗೆ ಮೊಟ್ಟೆಯಾಕಾರದ್ದೇ ಮೇಲು. ಇದಕ್ಕಿಂತ ನಯವಾದ ತುದಿಗಳೂ ಇವೆ, ಆದರೆ ಬೆಲೆ ಜಾಸ್ತಿ, ಕೂಡಿಸುವ ಕೈ ಪಳಗಿರಬೇಕು. ಮನೆಮಟ್ಟಕ್ಕೆ ಅವು ಬೇಡ.

ಎರಡನೆಯದು, ಭಾರ ಎಷ್ಟು?

ಸೂಟ್‌ಕೇಸಿನಂಥ ಅಗ್ಗದ ಪ್ಲೇಯರುಗಳಲ್ಲಿ ಇರುವುದು ಸಿರಾಮಿಕ್ ಕಾರ್ಟ್ರಿಜ್. ಇದು ತಾನೇ ಜೋರಾಗಿ ವಿದ್ಯುತ್ ಹುಟ್ಟಿಸುತ್ತದೆ, ಬೇರೆ ಉಪಕರಣ ಬೇಡ. ಆದರೆ ಮುಳ್ಳು ಬಿಗಿ. ಪ್ಲೇಟಿನ ಮೇಲೆ 5 ಗ್ರಾಂ, ಕೆಲವದರಲ್ಲಿ ಅದಕ್ಕೂ ಹೆಚ್ಚು ಭಾರ ಹಾಕುತ್ತದೆ. ಇನ್ನೊಂದು ಬಗೆ ಮೂವಿಂಗ್ ಮ್ಯಾಗ್ನೆಟ್. ಮುಳ್ಳಿನ ಕಡ್ಡಿಯ ಹಿಂದೆ ಒಂದು ಪುಟಾಣಿ ಅಯಸ್ಕಾಂತ, ಅದರ ಪಕ್ಕದಲ್ಲಿ ತಾಮ್ರದ ಸುರುಳಿ. ಇದಕ್ಕೆ 2 ಗ್ರಾಂ, ಹೆಚ್ಚೆಂದರೆ 3 ಗ್ರಾಂ ಸಾಕು. 2 ಗ್ರಾಂ ಅಂದರೆ ಒಂದು ಜೊತೆ ಪುಟ್ಟ ಓಲೆಯ ತೂಕ. ಇದನ್ನು ಹೇಳಿದಾಗ ಅತ್ತೆ ನಕ್ಕು, "ನೋಡಿದ್ಯಾ, ನನ್ ಓಲೆ ಕೊನೆಗೂ ಅಲ್ಲೇ ಹೋಗಿ ಕೂತ್ಕೊಂತು" ಅಂದರು.

ಭಾರ ಕಮ್ಮಿ ಇದ್ದಷ್ಟೂ ಒಳ್ಳೆಯದು ಅಂತಲೂ ತಿಳಿಯಬೇಡಿ. ತೀರಾ ಹಗುರವಾದರೆ ಮುಳ್ಳು ಗೆರೆಯೊಳಗೆ ಕೂರದೆ ಬದುವಿಗೆ ಬಡಿದಾಡಿ ಇನ್ನೂ ಕೆಡಿಸುತ್ತದೆ. ಕಾರ್ಟ್ರಿಜ್ ಡಬ್ಬಿಯ ಮೇಲೆ ಇಷ್ಟರಿಂದ ಇಷ್ಟು ಗ್ರಾಂ ಅಂತ ಬರೆದಿರುತ್ತದೆ, ಅದನ್ನೇ ಇಡಿ. ಅಳೆಯೋಕೆ ಚಿನ್ನ ತೂಗುವಂಥ ಪುಟ್ಟ ತಕ್ಕಡಿ ಸಿಗುತ್ತದೆ. ಅಂದಾಜಿಗೆ ಉಪ್ಪು ಹಾಕುವ ಕೈ ನಮ್ಮದು, ಇಲ್ಲಿ ಮಾತ್ರ ಅಂದಾಜು ನಡೆಯದು.

ಮೂವಿಂಗ್ ಕಾಯಿಲ್ ಅಂತ ಮೂರನೆಯ ಬಗೆಯೂ ಇದೆ. ಬೆಲೆ ಹೆಚ್ಚು, ಸಾಮಾನ್ಯವಾಗಿ ಮುಳ್ಳು ಸವೆದರೆ ಮನೆಯಲ್ಲಿ ಬದಲಾಯಿಸಲು ಬರುವುದಿಲ್ಲ. ನಮ್ಮಂಥವರಿಗೆ ಮೂವಿಂಗ್ ಮ್ಯಾಗ್ನೆಟ್ಟೇ ಸರಿ. ಮುಳ್ಳನ್ನು ಮಾತ್ರ ಎಳೆದು ತೆಗೆದು ಹೊಸದನ್ನು ಕೂರಿಸಬಹುದು, ಮಿಕ್ಸಿಯ ಜಾರು ಬದಲಾಯಿಸಿದ ಹಾಗೆ.

ಮೂರನೆಯದು, ನಿಮ್ಮ ಪ್ಲೇಯರ್ ಏನನ್ನು ಒಪ್ಪುತ್ತದೆ?

ಎಲ್ಲ ಪ್ಲೇಯರಿನಲ್ಲೂ ಕಾರ್ಟ್ರಿಜ್ ಬದಲಾಯಿಸಲು ಬರುವುದಿಲ್ಲ. ಕೆಲವದರಲ್ಲಿ ಅದು ತೋಳಿಗೇ ಅಂಟಿರುತ್ತದೆ, ಮುಳ್ಳು ಮಾತ್ರ ಬದಲಾಗುತ್ತದೆ. ತೋಳಿನ ತುದಿಯಲ್ಲಿ ಅರ್ಧ ಇಂಚು ಅಂತರದಲ್ಲಿ ಎರಡು ಸ್ಕ್ರೂ ಇದ್ದು, ಹಿಂದೆ ತಿರುಗಿಸುವ ಭಾರದ ಗುಂಡು ಇದ್ದರೆ, ಅಂಥ ಪ್ಲೇಯರಿಗೆ ನಿಮಗೆ ಬೇಕಾದ ಕಾರ್ಟ್ರಿಜ್ ಹಾಕಬಹುದು. ಕೊಳ್ಳುವ ಮುಂಚೆ 78ರ ವೇಗ ಇದೆಯೇ ಅಂತಲೂ ಕೇಳಿ. ಈಗ ಬರುವ ಬಹಳಷ್ಟು ಪ್ಲೇಯರುಗಳಲ್ಲಿ 33 ಮತ್ತು 45 ಮಾತ್ರ ಇವೆ. ಒಂದು ಉಪಾಯ ಉಂಟು: 78ರ ಪ್ಲೇಟನ್ನು 45ರಲ್ಲಿ ತಿರುಗಿಸಿ ಇಳಿಸಿಕೊಂಡು, ಆಮೇಲೆ ಕಂಪ್ಯೂಟರಿನಲ್ಲಿ ವೇಗ ಹೆಚ್ಚಿಸಬಹುದು. ಆದರೆ ಮುಳ್ಳು ಮಾತ್ರ 3 ಮಿಲ್‌ನದೇ ಇರಬೇಕು.

ನಾವು ಕೊನೆಗೆ ತಂದದ್ದು ಆಡಿಯೋ-ಟೆಕ್ನಿಕಾದ ವಿ.ಎಂ. 95 ಅನ್ನುವ ಸಾಲಿನ ಕಾರ್ಟ್ರಿಜ್. ಅದೇ ಆಗಬೇಕು ಅಂತ ನಾನು ಹೇಳುತ್ತಿಲ್ಲ. ನಮಗೆ ಒಪ್ಪಿದ ಕಾರಣ ಹೇಳುತ್ತೇನೆ. ಅದರಲ್ಲಿ ಪೆಟ್ಟಿಗೆ ಒಂದೇ, ಮುಳ್ಳು ಬೇರೆ ಬೇರೆ. ಎಲ್.ಪಿ.ಗೆ ಮೊಟ್ಟೆಯಾಕಾರದ ಮುಳ್ಳು, ಭಾರ 2 ಗ್ರಾಂ. 78ಕ್ಕೆ 3 ಮಿಲ್ ಮುಳ್ಳು, ಭಾರ 5 ಗ್ರಾಂ. ಅರಗಿನ ಪ್ಲೇಟು ಗಟ್ಟಿ, ಆ ಭಾರ ತಡೆಯುತ್ತದೆ. ಎರಡು ಕಾರ್ಟ್ರಿಜ್ ಕೊಳ್ಳುವ ಖರ್ಚು ಉಳಿಯಿತು. ಮುಳ್ಳು ಬದಲಾಯಿಸಿದಾಗ ಭಾರವನ್ನೂ ಬದಲಾಯಿಸಲು ಮರೆಯಬಾರದು, ಅಷ್ಟೇ.

ಒಂದು ಮಾತು ನೆನಪಿಡಿ. ಮೂವಿಂಗ್ ಮ್ಯಾಗ್ನೆಟ್ ಹುಟ್ಟಿಸುವ ವಿದ್ಯುತ್ ಬಹಳ ಕಮ್ಮಿ, ಸುಮಾರು 4 ಮಿಲಿವೋಲ್ಟ್. ಟಾರ್ಚಿನ ಒಂದು ಸೆಲ್ಲಿನದು 1500 ಮಿಲಿವೋಲ್ಟ್ ಅಂದರೆ ನೀವೇ ಲೆಕ್ಕ ಹಾಕಿ. ಆದ್ದರಿಂದ ನಡುವೆ ಫೋನೋ ಪ್ರೀ-ಆಂಪ್ಲಿಫೈಯರ್ ಬೇಕು. ಅದು ದನಿ ಹೆಚ್ಚಿಸುವುದರ ಜೊತೆಗೆ ಇನ್ನೊಂದು ಕೆಲಸ ಮಾಡುತ್ತದೆ. ಎಲ್.ಪಿ. ಕೊರೆಯುವಾಗ ಕೆಳಗಿನ ಸ್ವರಗಳನ್ನು ತಗ್ಗಿಸಿ, ಮೇಲಿನವನ್ನು ಏರಿಸಿ ಕೊರೆದಿರುತ್ತಾರೆ. ಅದನ್ನು ತಿರುಗಿ ಸಮ ಮಾಡುವುದು ಈ ಪೆಟ್ಟಿಗೆಯೇ. ಕೆಲವು ಪ್ಲೇಯರುಗಳಲ್ಲಿ ಇದು ಒಳಗೇ ಇರುತ್ತದೆ, ಕಂಪ್ಯೂಟರಿಗೆ ಸೇರಿಸುವ ಯು.ಎಸ್.ಬಿ. ತೂತೂ ಇರುತ್ತದೆ. ಅಂಥದಾದರೆ ಕೆಲಸ ಸಲೀಸು.

ಇನ್ನು ಇಳಿಸುವ ಕ್ರಮ.

ಪ್ಲೇಟನ್ನು ಮೊದಲು ಶುಚಿ ಮಾಡಿ. ವಿನೈಲ್ ಪ್ಲೇಟಿಗೆ ಡಿಸ್ಟಿಲ್ಡ್ ವಾಟರಿನಲ್ಲಿ ಒಂದೆರಡು ತೊಟ್ಟು ಪಾತ್ರೆ ತೊಳೆಯುವ ಸೋಪಿನ ನೀರು, ಮೆತ್ತನೆ ಬಟ್ಟೆ. ಗೆರೆ ಹೋದ ದಿಕ್ಕಿನಲ್ಲೇ ಒರೆಸಿ, ಬರೀ ನೀರಿನಲ್ಲಿ ಇನ್ನೊಮ್ಮೆ ಒರೆಸಿ, ಪೂರ್ತಿ ಆರಲು ಬಿಡಿ. ನಡುವಿನ ಕಾಗದ ನೆನೆಯಬಾರದು. ಅರಗಿನ ಪ್ಲೇಟಿಗೆ ಸ್ಪಿರಿಟ್ ಮಾತ್ರ ಮುಟ್ಟಿಸಬೇಡಿ. ಸ್ಪಿರಿಟ್ಟಿಗೆ ಅರಗು ಕರಗುತ್ತದೆ, ಹಾಡೂ ಅದರ ಜೊತೆಗೇ ಹೋಗುತ್ತದೆ.

ಕಂಪ್ಯೂಟರಿನಲ್ಲಿ ಆಡಾಸಿಟಿ ಅನ್ನುವ ಪ್ರೋಗ್ರಾಂ ಪುಕ್ಕಟೆ ಸಿಗುತ್ತದೆ. ದನಿಯ ಮಟ್ಟ ಅತಿ ಜೋರಿನ ಜಾಗದಲ್ಲೂ 6 ಡೆಸಿಬೆಲ್‌ನಷ್ಟು ಕೆಳಗೇ ಇರಲಿ. ಹಾಲು ಉಕ್ಕುವಷ್ಟು ಪಾತ್ರೆ ತುಂಬಬಾರದು ಅನ್ನುತ್ತೇವಲ್ಲ, ಹಾಗೆ. ಎಂ.ಪಿ.3 ಬೇಡ, ವೇವ್ ಫೈಲು ಮಾಡಿ. 24 ಬಿಟ್, 48 ಕಿಲೋಹರ್ಟ್ಸ್ ಇಟ್ಟರೆ ನಿಮಿಷಕ್ಕೆ ಸುಮಾರು 17 ಎಂ.ಬಿ. ಆಗುತ್ತದೆ. ನಲವತ್ತು ನಿಮಿಷದ ಪ್ಲೇಟಿಗೆ 700 ಎಂ.ಬಿ. ಹತ್ತಿರ. ಫೋನಿನಲ್ಲಿ ಕೇಳಲು ಅದರಿಂದ ಚಿಕ್ಕ ಎಂ.ಪಿ.3 ಪ್ರತಿ ಆಮೇಲೆ ಮಾಡಿಕೊಳ್ಳಬಹುದು. ಹಿಟ್ಟಿನಿಂದ ರೊಟ್ಟಿ ಮಾಡಬಹುದು, ರೊಟ್ಟಿಯಿಂದ ಹಿಟ್ಟು ಮಾಡಲಾಗದು. 78ರ ಪ್ಲೇಟುಗಳು ಮೊನೋ. ಅವನ್ನು ಎರಡು ಕಡೆಯ ದನಿಯೂ ಸೇರಿದಂತೆ ಸ್ಟೀರಿಯೋದಲ್ಲಿ ಇಳಿಸಿಕೊಂಡು, ಆಮೇಲೆ ಎರಡನ್ನೂ ಕೂಡಿಸಿದರೆ ಗರಗರ ಶಬ್ದ ಬಹಳ ಕಡಿಮೆಯಾಗುತ್ತದೆ.

ಚಟಪಟ ತೆಗೆಯುವ ಉಪಾಯಗಳು ಕಂಪ್ಯೂಟರಿನಲ್ಲಿ ಇವೆ. ಜಾಸ್ತಿ ತೆಗೆದರೆ ತಬಲದ ಪೆಟ್ಟೂ ಹೋಗುತ್ತದೆ. ಏನೂ ಮುಟ್ಟದ ಒಂದು ಪ್ರತಿಯನ್ನು ಎತ್ತಿಟ್ಟು ಆಮೇಲೆ ಕೈಯಾಡಿಸಿ. ಒಂದು ಪ್ರತಿ ಮನೆಯ ಕಂಪ್ಯೂಟರಿನಲ್ಲಿ, ಒಂದು ಬೇರೆ ಡ್ರೈವಿನಲ್ಲಿ, ಇನ್ನೊಂದು ತಂಗಿಯ ಮನೆಯಲ್ಲೋ ಮಗಳ ಮನೆಯಲ್ಲೋ ಇರಲಿ.

ಮುಳ್ಳಿಗೂ ಆಯುಷ್ಯ ಇದೆ. ವಜ್ರದ ತುದಿಯೇ ಆದರೂ ಮೊಟ್ಟೆಯಾಕಾರದ್ದು ಸುಮಾರು 300 ಗಂಟೆ, ಗುಂಡು ತುದಿಯದು ಸುಮಾರು 500 ಗಂಟೆ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟು ಲೆಕ್ಕ ಬರೆಯಿರಿ, ಹಾಲಿನ ಲೆಕ್ಕ ಬರೆಯುವುದಿಲ್ಲವೇ? ಎಷ್ಟು ಬಳಕೆಯಾಗಿದೆ ಅಂತ ಗೊತ್ತಿಲ್ಲದ ಹಳೆಯ ಮುಳ್ಳನ್ನು ಒಂದು ಸಲವೂ ಪ್ಲೇಟಿಗೆ ತಾಗಿಸಬೇಡಿ. "ಒಂದೇ ಒಂದ್ ಸಲ ನೋಡೋಣ" ಅನ್ನುವುದೇ ನನ್ನ ತಪ್ಪಾಗಿತ್ತು.

ನಮ್ಮ ಮನೆಯ ಪ್ಲೇಟುಗಳು ಈ ಯುಗಾದಿಗೆ ಎಲ್ಲ ಇಳಿದವು. ಕಂಪನಿ ನಾಟಕದ ಒಂಬತ್ತರಲ್ಲಿ ಎಂಟು ಚೆನ್ನಾಗಿ ಬಂದವು, ಒಂದು ಮೊದಲೇ ಸೀಳಿತ್ತು. ನಾನು ಕೆಡಿಸಿದ 'ಭಕ್ತ ಕುಂಬಾರ'ವನ್ನು ಕೊನೆಗೆ ಇಟ್ಟುಕೊಂಡಿದ್ದೆವು. ಹೊಸ ಮುಳ್ಳಿನ ತುದಿ ಬೇರೆ ಆಕಾರದ್ದು. ಹಳೆಯ ಮುಳ್ಳು ಸವೆಸಿದ ಜಾಗದ ಕೆಳಗೆ, ಗೆರೆಯ ಮುಟ್ಟದೆ ಉಳಿದ ಭಾಗದಲ್ಲಿ ಅದು ಓಡಾಡಬಹುದು ಅಂತ ಮಗ ಹೇಳಿದ. ನನಗೆ ನಂಬಿಕೆ ಇರಲಿಲ್ಲ. ಹಾಕಿದ. ಚಟಪಟ ಇತ್ತು, ಒಳಸುತ್ತಿನಲ್ಲಿ ದನಿ ಸ್ವಲ್ಪ ಒಡೆಯಿತು, ಆದರೆ ಮೊದಲಿನ ಗಂಟಲು ಕಟ್ಟಿದ ಹಾಗಿನ ದನಿ ಮುಕ್ಕಾಲು ಪಾಲು ಹೋಗಿತ್ತು. ಮಾತುಗಳು ಒಂದೊಂದೂ ಕೇಳಿದವು. ಪೂರ್ತಿ ಸರಿಯಾಯಿತು ಅಂತ ಸುಳ್ಳು ಹೇಳಲಾರೆ. ಹೋದದ್ದು ಹೋಯಿತು.

ಅತ್ತೆಗೆ ಈಗ ಎಂಬತ್ತೆರಡು. ಕಿವಿಗೆ ಮಿಷನ್ ಹಾಕಿಕೊಂಡು, ಸ್ಪೀಕರಿನ ಪಕ್ಕಕ್ಕೆ ಮಣೆ ಎಳೆದುಕೊಂಡು ಕೂತರು. ಹಾಡಿನ ನಡುವೆ ಒಂದು ಕಡೆ 'ಟಕ್' ಅಂತ ಶಬ್ದ ಬರುತ್ತದೆ. ಮಗ "ಅಜ್ಜಿ, ಅದನ್ನ ತೆಗೆದ್ಬಿಡ್ತೀನಿ" ಅಂದ. "ಬೇಡ ಕಣಪ್ಪ. ಅದು ನಿಮ್ ತಾತ ಬೀಡಿ ಹಚ್ಚೋಕೆ ಹೋಗಿ ಬೆಂಕಿಪೊಟ್ಟಣ ಬೀಳಿಸಿದ್ದು. ಅವತ್ತು ನಾನು ಬೈದಿದ್ದೆ" ಅಂದರು. ಅದೊಂದನ್ನು ಹಾಗೇ ಬಿಟ್ಟಿದ್ದೇವೆ.

ನಿಮ್ಮ ಮನೆಯ ಪ್ಲೇಟುಗಳನ್ನು ಒಮ್ಮೆ ಕೆಳಗಿಳಿಸಿ ನೋಡಿ. ಒಂದರ ಮೇಲೊಂದು ಮಲಗಿಸಬೇಡಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ. ಯಾವುದು 78, ಯಾವುದು ಎಲ್.ಪಿ. ಅಂತ ಬೇರೆ ಮಾಡಿ ಪಟ್ಟಿ ಬರೆದುಕೊಳ್ಳಿ. ಆ ಪಟ್ಟಿ ಹಿಡಿದೇ ಅಂಗಡಿಗೆ ಹೋಗಿ. ಹಾಡಿಸುವ ಆಸೆ ಎಷ್ಟೇ ಇರಲಿ, ಹೊಸ ಮುಳ್ಳು ಬರುವವರೆಗೆ ತಡೆದುಕೊಳ್ಳಿ. ಐವತ್ತು ವರ್ಷ ಕಾದ ಹಾಡು ಇನ್ನು ಹದಿನೈದು ದಿನ ಕಾಯಲಾರದೇ?

ಮುಂದಿನ ಸಂಚಿಕೆಯಲ್ಲಿ ಮತ್ತೆ ಅಡಿಗೆಮನೆಗೆ ಬರೋಣ. ಹುರುಳಿಕಾಳಿನ ಬಸ್ಸಾರು ಕಹಿಯಾಗದಂತೆ ಮಾಡುವುದು ಹೇಗೆ ಅಂತ ಮೂವರು ಸೋದರಿಯರು ಕೇಳಿದ್ದಾರೆ. ಅದನ್ನು ಬರೆಯುತ್ತೇನೆ.